ಕಾಣೆಯಾದ 13 ನಿಮಿಷ

ನಾಟಕಕ್ಕೆ ಲೈಟಿಂಗ್ ಮಾಡುವವರಿಗೆ ಒಂದು ಸವಲತ್ತಿದೆ. ರಂಗದ ಮೇಲೆ ನಿಂತವರಿಗೆ ಪ್ರೇಕ್ಷಕರು ಕಾಣುವುದಿಲ್ಲ. ಕಣ್ಣಿಗೆ ಹೊಡೆಯುವ ಬೆಳಕಿನ ಆಚೆ ಅವರಿಗೆ ಬರೀ ಕಪ್ಪು. ಪ್ರೇಕ್ಷಕರಿಗೆ ತಮ್ಮ ಮುಖ ತಮಗೇ ಕಾಣುವುದಿಲ್ಲ. ಸಭಾಂಗಣದ ಹಿಂದುಗಡೆ, ಎತ್ತರದಲ್ಲಿ, ಗಾಜಿನ ಕಿಟಕಿಯಿರುವ ಗೂಡಿನಂಥ ಕೋಣೆಯಲ್ಲಿ, ದೀಪಗಳನ್ನು ಏರಿಸಿ ಇಳಿಸುವ ಡಿಮ್ಮರ್ ಬೋರ್ಡಿನ ಮುಂದೆ ಕೂತವರಿಗೆ ಮಾತ್ರ ಎರಡೂ ಕಡೆ ಕಾಣುತ್ತದೆ. ಮುಂದೆ ನಟರ ಮುಖ, ಕೆಳಗೆ ಪ್ರೇಕ್ಷಕರ ತಲೆಯ ಹಿಂಭಾಗ. ವರ್ಷಗಟ್ಟಲೆ ನೋಡಿದ ಮೇಲೆ ತಲೆಗಳನ್ನು ಓದುವುದೂ ಬರುತ್ತದೆ. ಬೇಸರವಾದ ತಲೆ ಅತ್ತಿತ್ತ ಹೊರಳುತ್ತದೆ. ನಿದ್ದೆ ಹತ್ತಿದ ತಲೆ ನಿಧಾನಕ್ಕೆ ಜಾರಿ ಥಟ್ಟನೆ ನೆಟ್ಟಗಾಗುತ್ತದೆ. ನಾಟಕದೊಳಗೆ ಹೋದ ತಲೆ ಅಲ್ಲಾಡುವುದೇ ಇಲ್ಲ.

ಅವತ್ತು ಆ ಕಿಟಕಿಯಿಂದ ನನಗೆ ಕಂಡದ್ದು ಐದು ತಲೆ.

ಮಧ್ಯಾಹ್ನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಸಂಜೆಯ ಹೊತ್ತಿಗೆ ಹೊರಗೆ ರಸ್ತೆ ಯಾವುದು, ನೀರು ಯಾವುದು ಗೊತ್ತಾಗುತ್ತಿರಲಿಲ್ಲ. ನಮ್ಮದು ಹವ್ಯಾಸಿ ತಂಡ; ಎಲ್ಲರಿಗೂ ಬೇರೆ ಬೇರೆ ಉದ್ಯೋಗ, ಸಂಜೆಯಾದರೆ ನಾಟಕ. ಅವತ್ತಿನದು ಅದೇ ನಾಟಕದ ಏಳನೆಯ ಪ್ರದರ್ಶನ. ಅಪ್ಪ ತೀರಿಕೊಂಡ ಮೇಲೆ ಮಕ್ಕಳು ಸೇರಿ ಮನೆ ಪಾಲು ಮಾಡಿಕೊಳ್ಳುವ ಒಂದು ದಿನದ ಕಥೆ, ನಮ್ಮವರೇ ಕೂತು ಬರೆದದ್ದು. ಹಾಸ್ಯ ನಾಟಕ ಅಂತಲೇ ಎಲ್ಲ ಕಡೆ ಹೇಳಿಕೊಂಡಿದ್ದೆವು. ಹಿಂದಿನ ಆರು ಪ್ರದರ್ಶನಕ್ಕೂ ಜನ ಬಂದಿದ್ದರು, ನಕ್ಕಿದ್ದರು.

ಐದು ಅಂದೆನಲ್ಲ, ಅದನ್ನೂ ಸೋಸಿದರೆ ಕಡಿಮೆಯಾಗುತ್ತದೆ. ಒಬ್ಬರು, ನಾಟಕದಲ್ಲಿ ಹಿರಿಮಗಳ ಪಾತ್ರ ಮಾಡುವಾಕೆಯ ತಾಯಿ. ಅದು ಅವರಿಗೆ ನಾಲ್ಕನೆಯ ಸಲ. ಇಬ್ಬರು ಕಾಲೇಜು ಹುಡುಗರು, ಬೆನ್ನಿಗೆ ಬ್ಯಾಗು, ಮೊಣಕಾಲ ತನಕ ಒದ್ದೆ. ಇನ್ನೊಬ್ಬರು ಸಭಾಂಗಣ ನೋಡಿಕೊಳ್ಳುವವರು; ಬೀಗ ಹಾಕುವ ಜವಾಬ್ದಾರಿ ಅವರದು, ಹಾಗಾಗಿ ಕೂರಲೇಬೇಕು. ಐದನೆಯ ಮನುಷ್ಯ ಬಾಗಿಲಲ್ಲಿ ಕೊಡೆ ಮಡಚುತ್ತಾ ಕೇಳಿದ್ದೇ ಹೀಗಂತೆ: “ಮಳೆ ಕಮ್ಮಿ ಆಗೋತನಕ ಒಳಗೆ ಕೂತ್ಕೊಬಹುದಾ?” “ಕೂತ್ಕೊಳ್ಳಿ ಸಾರ್, ಆದ್ರೆ ಒಳಗೆ ನಾಟಕ ಇರುತ್ತೆ” ಅಂದರಂತೆ ಸಭಾಂಗಣದವರು. ಏನೋ ತೊಂದರೆಯ ವಿಷಯ ಮೊದಲೇ ಎಚ್ಚರಿಸಿದ ಹಾಗೆ.

ಎರಡನೆಯ ಬೆಲ್ಲಿನ ಹೊತ್ತಿಗೆ ನಾನು ಗ್ರೀನ್ ರೂಮಿಗೆ ಇಳಿದು ಹೋದೆ. ಕಿರಿಯ ನಟನೊಬ್ಬ ಪರದೆಯ ಸಂದಿಯಲ್ಲಿ ಕಣ್ಣಿಟ್ಟು ಬಂದು ಆಗಷ್ಟೇ ವರದಿ ಒಪ್ಪಿಸಿದ್ದ. ಒಂಬತ್ತು ಜನ ಬಣ್ಣ ಹಚ್ಚಿಕೊಂಡು ಕೂತಿದ್ದರು. ರಂಗದ ಮೇಲಿನವರಿಗಿಂತ ಕೆಳಗಿನವರು ಕಡಿಮೆಯಿದ್ದರೆ ಪ್ರದರ್ಶನ ಬಿಟ್ಟರೂ ತಪ್ಪಿಲ್ಲ ಅನ್ನುವ ಮಾತು ನಾಟಕದವರಲ್ಲಿ ಓಡಾಡುತ್ತಿರುತ್ತದೆ. ಕಿರಿಮಗನ ಪಾತ್ರದವನು ಅದನ್ನೇ ಎತ್ತಿದ.

“ಐದು ಜನಕ್ಕೆ ಯಾಕೆ ಮೇಷ್ಟ್ರೇ? ಮುಂದಿನ ವಾರ ಮಾಡೋಣ ಬಿಡಿ.”

ಮೇಷ್ಟ್ರು ಅಂದರೆ ನಮ್ಮ ನಿರ್ದೇಶಕರು. ಅವರು ಏನೂ ಹೇಳಲಿಲ್ಲ. ಮೂಲೆಯಲ್ಲಿ ಅಪ್ಪನ ಪಾತ್ರ ಮಾಡುವ ಹಿರಿಯರು ಮೀಸೆ ಅಂಟಿಸಿಕೊಳ್ಳುತ್ತಿದ್ದರು. ನಾಟಕ ಶುರುವಾಗುವ ಮೊದಲೇ ಸತ್ತಿರುವ ಪಾತ್ರ ಅವರದು. ನೆನಪಿನ ಎರಡು ದೃಶ್ಯಗಳಲ್ಲಿ ಬಂದು ಹೋಗುತ್ತಾರೆ, ಒಟ್ಟು ಹತ್ತು ನಿಮಿಷವೂ ಇಲ್ಲ. ಆದರೂ ಎಲ್ಲರಿಗಿಂತ ಮುಂಚೆ ಬಂದು ಎಲ್ಲರಿಗಿಂತ ನಿಧಾನವಾಗಿ ಬಣ್ಣ ಹಚ್ಚಿಕೊಳ್ಳುತ್ತಾರೆ. ಕನ್ನಡಿಯಿಂದ ಕಣ್ಣು ತೆಗೆಯದೆ ಕೇಳಿದರು:

“ಆರು ವಾರ ತಾಲೀಮು ಮಾಡಿದ್ಯಲ್ಲಪ್ಪ, ಆವಾಗ ಎಷ್ಟು ಜನ ಇದ್ರು?”

“ತಾಲೀಮು ಬೇರೆ ಅಣ್ಣಾ, ಷೋ ಬೇರೆ.”

“ಏನು ಬೇರೆ?”

ಅವನು ಬಾಯಿ ತೆರೆದ, ಹಾಗೇ ಮುಚ್ಚಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ. ನಾನೂ ಬರಲಿಲ್ಲ, ಯಾಕೆಂದರೆ ನನಗೂ ಹೊಳೆಯಲಿಲ್ಲ. ಅದೇ ಮಾತು, ಅದೇ ನಡಿಗೆ, ಅದೇ ಅಳು. ಮೇಷ್ಟ್ರು ಗಡಿಯಾರ ನೋಡಿ “ಮೂರನೇ ಬೆಲ್ ಕೊಡಿ” ಅಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಬೂತಿಗೆ ವಾಪಸ್ ಬಂದು ಸಭಾಂಗಣದ ಲೈಟು ಇಳಿಸಿದೆ. ಪಕ್ಕದಲ್ಲಿ ಸೌಂಡಿನ ಹುಡುಗ. ತಂಡಕ್ಕೆ ಬಂದು ಮೂರು ತಿಂಗಳಾಗಿತ್ತು ಅಷ್ಟೆ. ಕತ್ತಲಾದ ಮೇಲೆ ಬೋರ್ಡಿನ ಮೊದಲ ಫೇಡರ್, ಅಂದರೆ ಬೆಳಕಿನ ಹಿಡಿ, ಏರಿಸುವಾಗ ದೀಪಗಳಿಂದ ಧೂಳು ಕಾದ ವಾಸನೆ ಬರುತ್ತದೆ. ನನ್ನ ಮಟ್ಟಿಗೆ ನಾಟಕ ಶುರುವಾಗುವುದು ಆ ವಾಸನೆಯಿಂದ. ಐದೇ ಜನ ಇದ್ದರೂ ವಾಸನೆ ಅಷ್ಟೇ ಇತ್ತು.

ಮೊದಲ ಕಷ್ಟ ಬಂದದ್ದು ಹನ್ನೊಂದನೆಯ ನಿಮಿಷದಲ್ಲಿ. ಗೋಡೆ ಗಡಿಯಾರ ಯಾರಿಗೆ ಅಂತ ಅಣ್ಣತಮ್ಮಂದಿರು ಜಗಳವಾಡುವ ದೃಶ್ಯ. ಹಿರಿಯವನು ಬಹಳ ಉದಾರಿಯ ಹಾಗೆ ಎದೆ ಮೇಲೆ ಕೈಯಿಟ್ಟು, “ಗಡಿಯಾರ ನೀನೇ ಇಟ್ಕೊಳ್ಳೋ. ಕೀಲಿ ಮಾತ್ರ ನನ್ನ ಹತ್ರ ಇರ್ಲಿ” ಅನ್ನುತ್ತಾನೆ. ಆರು ಪ್ರದರ್ಶನದಲ್ಲೂ ಇಲ್ಲಿ ನಗು ಸಿಡಿದಿದೆ. ನಗು ಏರಿ, ತುದಿ ಮುಟ್ಟಿ, ಇಳಿಯುವುದಕ್ಕೆ ಎಂಟೊಂಬತ್ತು ಸೆಕೆಂಡು. ಅಷ್ಟು ಹೊತ್ತು ಕಿರಿಯವನು ಗಡಿಯಾರ ಹಿಡಿದು ಪೆಚ್ಚಾಗಿ ನಿಂತಿರುತ್ತಾನೆ. ನಗು ಇಳಿಯುವಾಗ ನಾನು ಒಂಬತ್ತನೆಯ ಕ್ಯೂ, ಅಂದರೆ ಬೆಳಕು ಬದಲಿಸುವ ಸೂಚನೆ, ಕೊಟ್ಟು ಬೆಳಕನ್ನು ಹಳದಿಯಿಂದ ನೀಲಿಗೆ ಜಾರಿಸುತ್ತೇನೆ. ತಾಲೀಮಿನಲ್ಲಿ ಮೇಷ್ಟ್ರು ಅಲ್ಲಿ ಕೈ ತಟ್ಟಿ “ನಗು ನಗು ನಗು” ಅಂತ ಎಣಿಸುತ್ತಿದ್ದರು.

ಅವತ್ತು ಮಾತು ಬಂತು. ಮಾಡಿನ ಮೇಲೆ ಮಳೆ ಸುರಿಯಿತು. ಇನ್ನೇನೂ ಆಗಲಿಲ್ಲ.

ಕಿರಿಯವನು ಪೆಚ್ಚಾಗಿ ನಿಂತ. ಎರಡು ಸೆಕೆಂಡು. ಮೂರು. ಆ ಪೆಚ್ಚು ಪಾತ್ರದ್ದಲ್ಲ, ಅವನದೇ ಅನ್ನುವುದು ಅಷ್ಟು ದೂರದಿಂದಲೂ ಗೊತ್ತಾಗುತ್ತಿತ್ತು. ನಗುವಿಗೆಂದು ಬಿಟ್ಟಿದ್ದ ಜಾಗ ಗುಂಡಿಯಾಗಿತ್ತು, ಅವನು ಅದರೊಳಗೆ ನಿಂತಿದ್ದ. ನಾಲ್ಕನೆಯ ಸೆಕೆಂಡಿಗೆ ಮುಂದಿನ ಮಾತಿಗೆ ಹಾರಿಬಿಟ್ಟ. ನನ್ನ ಕೈ ಇನ್ನೂ ಫೇಡರಿನ ಮೇಲೇ ಇತ್ತು. ನೀಲಿ ತಡವಾಯಿತು, ಎರಡು ಮಾತು ಹಳದಿಯಲ್ಲೇ ನಡೆದುಹೋದವು.

ಆಮೇಲೆ ಎಲ್ಲರೂ ಹುಷಾರಾದರು. ನಗುವಿಗಾಗಿ ನಿಲ್ಲುವುದನ್ನೇ ಬಿಟ್ಟರು. ಮಾತಿನ ಬೆನ್ನಿಗೆ ಮಾತು. ಖಾಲಿ ಸಭಾಂಗಣದ ಇನ್ನೊಂದು ಕಾಟ ದನಿಯದು. ಜನ ತುಂಬಿದ್ದರೆ ಮೈ ಬಟ್ಟೆಗಳೆಲ್ಲ ಸೇರಿ ಸದ್ದನ್ನು ಹೀರಿಕೊಳ್ಳುತ್ತವೆ; ಖಾಲಿ ಕುರ್ಚಿ, ಅದರಲ್ಲೂ ಪ್ಲಾಸ್ಟಿಕ್ಕಿನದು, ಏನನ್ನೂ ಹೀರುವುದಿಲ್ಲ. ನಟರಿಗೆ ತಮ್ಮ ಮಾತೇ ಹಿಂದಿನ ಗೋಡೆಗೆ ಬಡಿದು ವಾಪಸ್ ಕೇಳಿಸುತ್ತಿತ್ತು. ಹಾಗಾಗಿ ದನಿ ಇಳಿಸಿದರು. ದನಿ ಇಳಿದರೆ ಮೈಯೂ ಇಳಿಯುತ್ತದೆ. ಕೈ ಬೀಸಿ ಮಾತಾಡುತ್ತಿದ್ದವರು ಕೈಗಳನ್ನು ಹತ್ತಿರ ಇಟ್ಟುಕೊಂಡರು.

ಒಂದು ವಿಚಿತ್ರ ಮಾತ್ರ ಆಗ ನನಗೆ ಅರ್ಥವಾಗಲಿಲ್ಲ. ಕೊನೆಯ ದೃಶ್ಯವನ್ನು ಮೇಷ್ಟ್ರು ಐದನೆಯ ಪ್ರದರ್ಶನದ ನಂತರ ಪೂರ್ತಿ ಬದಲಾಯಿಸಿದ್ದರು. ಹೊಸದಾಗಿ ಬರೆದದ್ದು ಆರನೆಯ ಪ್ರದರ್ಶನದಲ್ಲಿ, ತುಂಬಿದ ಸಭೆಯ ಎದುರು, ಹೆಜ್ಜೆ ಹೆಜ್ಜೆಗೂ ಮುಗ್ಗರಿಸಿತ್ತು. ಅದೇ ದೃಶ್ಯ ಅವತ್ತು ಐದು ಜನರೆದುರು ಒಂದು ಮಾತೂ ತಪ್ಪದೆ ನಡೆಯಿತು. ಚೆನ್ನಾಗಿ ಪಳಗಿದ ದೃಶ್ಯಗಳು ಸೊರಗಿದವು, ಹಸಿಯಾಗಿದ್ದದ್ದು ನಿಂತಿತು. ಇದಕ್ಕೆ ಉತ್ತರ ಆಮೇಲೆ ಒಂದು ದಿನ ಸಿಕ್ಕಿದ್ದು ಜಿರಳೆಗಳಿಂದ. ರಾಬರ್ಟ್ ಝಾಯನ್ಸ್ ಅನ್ನುವ ಮನಶ್ಶಾಸ್ತ್ರಜ್ಞರೂ ಅವರ ಜೊತೆಗಾರರೂ 1969ರಲ್ಲಿ ಜಿರಳೆಗಳನ್ನು ಓಡಿಸಿ ನೋಡಿದ್ದರು. ಓಟದ ದಾರಿಯ ಪಕ್ಕದಲ್ಲಿ ಪಾರದರ್ಶಕ ಪೆಟ್ಟಿಗೆ, ಅದರೊಳಗೆ ಪ್ರೇಕ್ಷಕ ಜಿರಳೆಗಳು. ನೇರ ದಾರಿಯಿದ್ದಾಗ, ನೋಡುವವರಿದ್ದರೆ ಜಿರಳೆ ಬೇಗ ಓಡಿತು. ದಾರಿ ತಿರುವಿನದಾಗಿದ್ದಾಗ, ನೋಡುವವರಿದ್ದರೆ ತಡಬಡಾಯಿಸಿತು. ಕರಗತವಾದದ್ದನ್ನು ನೋಡುವ ಕಣ್ಣು ಇನ್ನಷ್ಟು ಚುರುಕು ಮಾಡುತ್ತದೆ, ಹೊಸದನ್ನು ಕೆಡಿಸುತ್ತದೆ. ಜಿರಳೆಗೂ ಸಭಾಕಂಪ ಇದೆ ಅಂತ ಓದಿದಾಗ ನಕ್ಕೆ. ಕಿರಿಮಗನ ಪಾತ್ರದವನಿಗೆ ಹೇಳಿದೆ, ಅವನು ನಗಲಿಲ್ಲ.

ಇನ್ನು ನನ್ನದೇ ಒಂದು ಗುಟ್ಟು. ಎರಡು ಕ್ಯೂಗಳ ನಡುವೆ ನನಗೆ ಕೆಲಸವಿರುವುದಿಲ್ಲ. ಕೆಲವು ಸಲ ಏಳೆಂಟು ನಿಮಿಷ ಸುಮ್ಮನೆ ಕೂರಬೇಕು. ಕ್ಯೂ ಶೀಟ್ ನೋಡಲು ಸಣ್ಣ ಟಾರ್ಚ್ ಇರುತ್ತದೆ, ಬೆಳಕು ಹೊರಗೆ ಚೆಲ್ಲದ ಹಾಗೆ ಅದಕ್ಕೆ ನೀಲಿ ಜೆಲ್, ಅಂದರೆ ದೀಪಕ್ಕೆ ಹಾಕುವ ಬಣ್ಣದ ಹಾಳೆ, ಸುತ್ತಿರುತ್ತೇನೆ. ಆ ನೀಲಿ ಬೆಳಕಿನಲ್ಲಿ ಕ್ಯೂ ಶೀಟಿನ ಹಿಂಬದಿಗೆ ನಾನು ಕೈಗಳನ್ನು ಬರೆಯುತ್ತೇನೆ. ರಂಗದ ಮೇಲಿರುವವರ ಕೈ. ಮುಖ ಬರೆಯುವುದಿಲ್ಲ, ನಟರ ಮುಖಕ್ಕೆ ತನ್ನನ್ನು ನೋಡುತ್ತಿದ್ದಾರೆ ಅನ್ನುವುದು ಗೊತ್ತು, ಕೈಗಳು ಮರೆತಿರುತ್ತವೆ. ಹೀಗೆ ಹನ್ನೊಂದು ವರ್ಷದಿಂದ. ಪ್ರದರ್ಶನ ಮುಗಿದ ಮೇಲೆ ಹಾಳೆಗಳು ಒಂದು ಫೈಲಿಗೆ ಹೋಗುತ್ತವೆ, ಫೈಲು ಕಪಾಟಿಗೆ. ಯಾರೂ ನೋಡಿಲ್ಲ. ಯಾಕೆ ಅಂತ ಕೇಳುವವರೂ ಇರಲಿಲ್ಲ, ಹಾಗಾಗಿ ಉತ್ತರ ಹುಡುಕುವ ತೊಂದರೆಯೂ ಇರಲಿಲ್ಲ.

ಅವತ್ತು ಸೌಂಡಿನ ಹುಡುಗನ ಪೆನ್ನು ಕೆಳಗೆ ಬಿತ್ತು. ಬಗ್ಗಿ ಹುಡುಕುತ್ತಾ ಮೊಬೈಲಿನ ಬೆಳಕು ಹಾಕಿದ. ಅದು ನೆಲಕ್ಕೆ ಬೀಳುವ ಮೊದಲು ನನ್ನ ಹಾಳೆಯ ಮೇಲೆ ಬಿತ್ತು.

“ಇದು ಅಪ್ಪನ ಪಾರ್ಟ್ ಮಾಡೋರ ಕೈ ಅಲ್ವಾ?” ಅಂದ, ಪಿಸುದನಿಯಲ್ಲಿ.

ಮುಖವಿಲ್ಲ, ಬಟ್ಟೆಯಿಲ್ಲ, ಬರೀ ಮಣಿಕಟ್ಟು, ನಾಲ್ಕು ಬೆರಳು, ಕುರ್ಚಿಯ ತೋಳನ್ನು ಹಿಡಿದದ್ದು. ಅವನು ಗುರುತು ಹಿಡಿದಿದ್ದ. ನನ್ನ ಕಿವಿ ಬಿಸಿಯಾಯಿತು.

“ಎಷ್ಟು ದಿನದಿಂದ ಬರೀತಿದ್ದೀರಿ?”

ಹೇಳಿದೆ.

“ಯಾರಿಗೆ ತೋರಿಸಿದ್ದೀರಿ?”

“ಯಾರಿಗೂ ಇಲ್ಲ.”

“ಮತ್ತೆ ಯಾಕೆ?”

“ನನಗೋಸ್ಕರ” ಅಂದೆ. ಎಷ್ಟೋ ವರ್ಷದಿಂದ ಕಟ್ಟಿಟ್ಟಿದ್ದ ಉತ್ತರದ ಹಾಗೆ ಸಲೀಸಾಗಿ ಬಂತು. ಅದನ್ನು ಹೇಳುತ್ತಿರುವಾಗಲೇ ಹಾಳೆಯನ್ನು ಅವನ ಕಡೆಗೆ ಸ್ವಲ್ಪ ತಿರುಗಿಸಿದ್ದೆ. ತಿರುಗಿಸಿದ್ದು ಅರಿವಿಗೆ ಬಂದದ್ದು ಟಾರ್ಚನ್ನೂ ಆ ಕಡೆ ಸರಿಸಿದಾಗ.

ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ಬಗ್ಗೆ ಮಾತಾಡುವವರೆಲ್ಲ ಆಕೆಯ ಏಕಾಂತವನ್ನು ಹೊಗಳುತ್ತಾರೆ. ಹೊಗಳುವಂಥದ್ದೇ. ಸುಮಾರು 1800 ಕವಿತೆ ಬರೆದಾಕೆ. ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು, ಅದೂ ಹೆಸರಿಲ್ಲದೆ. 1886ರಲ್ಲಿ ತೀರಿಕೊಂಡ ಮೇಲೆ ತಂಗಿಗೆ ಸಿಕ್ಕ ರಾಶಿಯಲ್ಲಿ ಆಕೆಯೇ ದಾರ ಹಾಕಿ ಹೊಲಿದ 40 ಪುಟ್ಟ ಹೊತ್ತಗೆಗಳಿದ್ದವು. ನೋಡುವವರೇ ಬೇಡ ಅಂದವಳು ಹೊಲಿದು ಯಾಕೆ ಇಡುತ್ತಾಳೆ ಅನ್ನುವ ಪ್ರಶ್ನೆ ಇದ್ದೇ ಇದೆ. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು 1862ರ ಏಪ್ರಿಲ್ ತಿಂಗಳ ಒಂದು ಕಾಗದ. ಮುಖವನ್ನೇ ನೋಡಿರದ ಹಿಗಿನ್ಸನ್ ಅನ್ನುವ ವಿಮರ್ಶಕನಿಗೆ ನಾಲ್ಕು ಕವಿತೆ ಕಳಿಸಿ ಆಕೆ ಕೇಳಿದ್ದು, ನನ್ನ ಪದ್ಯಕ್ಕೆ ಜೀವ ಇದೆಯೇ ಎಂದು. ಚೆನ್ನಾಗಿದೆಯೇ ಅಂತಲ್ಲ, ಅಚ್ಚು ಹಾಕುತ್ತೀರಾ ಅಂತಲೂ ಅಲ್ಲ. ಕಾಗದಕ್ಕೆ ಸಹಿಯಿರಲಿಲ್ಲ. ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು, ಇನ್ನೊಂದು ಸಣ್ಣ ಲಕೋಟೆಯಲ್ಲಿ ಹಾಕಿ, ಇದರೊಳಗೆ ಇಟ್ಟಿದ್ದಳು. ತೋರಿಸಬೇಕು, ಬಚ್ಚಿಟ್ಟುಕೊಳ್ಳಲೂ ಬೇಕು. ಹಾಳೆ ತಿರುಗಿಸಿದ ನನ್ನ ಕೈಗೆ ಆ ಎರಡು ಲಕೋಟೆ ಬಹಳ ಚೆನ್ನಾಗಿ ಅರ್ಥವಾಗುತ್ತದೆ.

ಹಾಗಂತ ಎಲ್ಲರೂ ಒಳಗೊಳಗೆ ನೋಡುಗರಿಗಾಗಿ ಹಂಬಲಿಸುತ್ತಿರುತ್ತಾರೆ ಅಂತ ತೀರ್ಮಾನ ಕೊಡಲು ನನಗೆ ಧೈರ್ಯವಿಲ್ಲ. ವಿವಿಯನ್ ಮಾಯರ್ ಅಡ್ಡ ಬರುತ್ತಾಳೆ. ಶಿಕಾಗೋದಲ್ಲಿ ಮನೆಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದವಳು. ಬಿಡುವು ಸಿಕ್ಕಾಗ ಬೀದಿ ಸುತ್ತಿ ಫೋಟೋ ತೆಗೆದಳು, ಒಂದು ಲಕ್ಷಕ್ಕೂ ಹೆಚ್ಚು. 2007ರಲ್ಲಿ ಗೋದಾಮಿನ ಬಾಡಿಗೆ ಬಾಕಿ ಬಿದ್ದು ಆಕೆಯ ಪೆಟ್ಟಿಗೆಗಳು ಹರಾಜಾಗದಿದ್ದರೆ ಲೋಕಕ್ಕೆ ಗೊತ್ತೇ ಆಗುತ್ತಿರಲಿಲ್ಲ. ತನಗೆ ಹೆಸರು ಬರಲಿದೆ ಅನ್ನುವುದೂ ತಿಳಿಯದೆ 2009ರಲ್ಲಿ ತೀರಿಕೊಂಡಳು. ಯಾರಿಗೂ ತೋರಿಸದೆ ಇದ್ದದ್ದಾದರೂ ಅರ್ಥವಾಗುತ್ತದೆ. ಆದರೆ ನೂರಾರು ರೋಲುಗಳನ್ನು ಆಕೆ ಡೆವಲಪ್ ಕೂಡ ಮಾಡಿಸಿರಲಿಲ್ಲ. ಅಂದರೆ ಆ ಚಿತ್ರಗಳನ್ನು ಆಕೆಯೂ ನೋಡಿಲ್ಲ. ನನಗೋಸ್ಕರ ಅನ್ನುವ ನನ್ನ ಜಂಬದ ಉತ್ತರ ಇಲ್ಲಿ ಕೈಕೊಡುತ್ತದೆ. ತನಗೋಸ್ಕರವಾಗಿದ್ದರೆ ತಾನಾದರೂ ನೋಡಬೇಕಿತ್ತಲ್ಲ? ಹಣದ ಅಡಚಣೆಯೂ ಇದ್ದೀತು. ಆದರೂ ನನಗನ್ನಿಸುವುದು, ಆಕೆಗೆ ಬೇಕಾದದ್ದು ಗುಂಡಿ ಒತ್ತುವ ಹೊತ್ತಿಗೇ ಸಿಕ್ಕಿಬಿಡುತ್ತಿತ್ತು. ಸರಿಯಾದ ಕಡೆ ನಿಂತು, ಸರಿಯಾದ ಹೊತ್ತಿಗೆ ಕಾದು, ಚೌಕಟ್ಟಿನೊಳಗೆ ಎಲ್ಲ ಕೂಡಿಬಂದ ಆ ಗಳಿಗೆ. ಕೈ ಬರೆಯುವಾಗ ನನಗೂ ಅಪರೂಪಕ್ಕೆ ಹಾಗಾಗುತ್ತದೆ. ಹೆಬ್ಬೆರಳಿನ ಬುಡದ ಗೆರೆ ಒಂದೇ ಎಳೆತಕ್ಕೆ ಬಂದುಬಿಟ್ಟರೆ, ಆಮೇಲೆ ಹಾಳೆಯನ್ನು ಹರಿದು ಬಿಸಾಡಿದರೂ ನಷ್ಟವಿಲ್ಲ ಅನ್ನಿಸುತ್ತದೆ.

ಬಿಸಾಡಿಲ್ಲ, ಫೈಲು ಮಾಡಿದ್ದೇನೆ. ಅದೂ ನಿಜ.

ಹುಡುಗ ನೋಡಿದ ಮೇಲೆ ಇನ್ನೊಂದು ಕೈ ಬರೆಯಲು ಹೋದೆ. ಹಿರಿಮಗಳು ಅಪ್ಪನ ಅಂಗಿ ಮಡಿಸುವ ದೃಶ್ಯ. ಕೈಗಳು ನಿಧಾನವಾಗಿ ಓಡಾಡುವ, ಬರೆಯಲು ಹೇಳಿ ಮಾಡಿಸಿದ ದೃಶ್ಯ. ಅಷ್ಟು ಕೆಟ್ಟದಾಗಿ ನಾನು ಯಾವತ್ತೂ ಬರೆದಿರಲಿಲ್ಲ. ಉಗುರಿಗೆಲ್ಲ ನೆರಳು ಹಾಕಿದ್ದೆ. ನಾನು ಉಗುರಿಗೆ ನೆರಳು ಹಾಕುವವರ ಪೈಕಿಯೇ ಅಲ್ಲ. ಅವನಿಗೆ ಇಷ್ಟವಾಗಲಿ ಅಂತ ಹಾಕಿದ್ದು ಅದು. ಮಕ್ಕಳ ಮೇಲೆ ನಡೆದ ಒಂದು ಅಧ್ಯಯನವಿದೆ: ಮಾರ್ಕ್ ಲೆಪ್ಪರ್ ಮತ್ತು ಇಬ್ಬರು ಜೊತೆಗಾರರದು, 1973ರದು. ಚಿತ್ರ ಬರೆಯುವುದೆಂದರೆ ತಾವಾಗಿಯೇ ಓಡಿಬರುವ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಪ್ರಶಸ್ತಿ ಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಕೊಟ್ಟರು ಕೂಡ. ಒಂದೆರಡು ವಾರ ಬಿಟ್ಟು ನೋಡಿದರೆ, ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಹೇಳದೆ ಕೇಳದೆ ಪ್ರಶಸ್ತಿ ಸಿಕ್ಕ ಮಕ್ಕಳಿಗೆ ಹಾಗಾಗಲಿಲ್ಲ. ಬಹುಮಾನದಲ್ಲಿ ದೋಷವಿರಲಿಲ್ಲ, ಅದನ್ನು ಎದುರು ನೋಡುತ್ತಾ ಬರೆದದ್ದರಲ್ಲಿತ್ತು. ನನ್ನ ಪಕ್ಕದಲ್ಲಿ ಆಗ ಒಂದು ರಿಬ್ಬನ್ ಕೂತಿತ್ತು, ಹೆಡ್‌ಫೋನ್ ಹಾಕಿಕೊಂಡು.

ಅವನೇನೂ ಸುಮ್ಮನಿರುವ ಪೈಕಿಯಲ್ಲ. “ಇಷ್ಟು ಕಷ್ಟ ಯಾಕೆ? ಒಂದ್ಸಲ ಚೆನ್ನಾಗಿ ರೆಕಾರ್ಡ್ ಮಾಡಿಟ್ಕೊಂಡ್ರೆ ಮಳೆ ಬಂದ್ರೂ ಒಂದೇ ಬಿಸಿಲಾದ್ರೂ ಒಂದೇ” ಅಂತ ಶುರುಮಾಡಿದ. ಗ್ಲೆನ್ ಗೂಲ್ಡ್ ಅವನ ಆರಾಧ್ಯದೈವ. ಪಿಯಾನೊ ನುಡಿಸುವುದರಲ್ಲಿ ಲೋಕವೇ ಕೊಂಡಾಡುತ್ತಿದ್ದಾಗ, 1964ರಲ್ಲಿ, 31ನೆಯ ವಯಸ್ಸಿಗೆ, ವೇದಿಕೆಯನ್ನೇ ಬಿಟ್ಟುಬಿಟ್ಟವನು. ಆಮೇಲೆ 1982ರಲ್ಲಿ ಸಾಯುವ ತನಕ ಸ್ಟುಡಿಯೊದಲ್ಲೇ ಧ್ವನಿಮುದ್ರಣ. “ಅವನಿಗೆ ಆಡಿಯನ್ಸ್ ಬೇಕಾಗಲಿಲ್ಲ ನೋಡಿ” ಅಂದ ಹುಡುಗ. ಆಡಿಯನ್ಸ್ ಬೇಡ ಅಂದವನಲ್ಲ, ಕಣ್ಣೆದುರು ಕೂತ ಗುಂಪು ಬೇಡ ಅಂದವನು ಅಂತ ನಾನು. ಮೈಕಿನ ಆ ತುದಿಯಲ್ಲಿ ಯಾರೋ ಒಬ್ಬರು ಕೇಳುತ್ತಾರೆ ಅನ್ನುವುದು ಅವನಿಗೆ ಗೊತ್ತಿತ್ತಲ್ಲ. “ಹಾಗಾದ್ರೆ ಆ ಗುನುಗು?” ಅಂತ ಕೇಳಿದ. ಗೂಲ್ಡ್ ನುಡಿಸುವಾಗ ತಾನೇ ಗುನುಗಿಕೊಳ್ಳುತ್ತಿದ್ದ. ಧ್ವನಿಮುದ್ರಣಗಳಲ್ಲಿ ಅದು ಕೇಳಿಸುತ್ತದೆ, ಬಿಡಿಸಲು ಆಗಿರಲಿಲ್ಲ. ಕೇಳುಗರಿಗೆ ಕೊಟ್ಟದ್ದು ಪಿಯಾನೊ, ಆ ಗುನುಗು ಯಾರಿಗೆ? ನನ್ನ ಹತ್ತಿರ ಉತ್ತರವಿರಲಿಲ್ಲ. ಅಷ್ಟರಲ್ಲಿ ಕ್ಯೂ ಬಂತು, ಬಚಾವಾದೆ.

ಅಪ್ಪನ ಎರಡನೆಯ ದೃಶ್ಯ. ಇಡೀ ರಂಗ ಕತ್ತಲು, ಕುರ್ಚಿಯ ಮೇಲೆ ಒಂದೇ ಸ್ಪಾಟ್. ಕನಸಿನ ಹಾಗೆ ಬಂದು ಕೂತ ಅಪ್ಪ, ಕಿರಿಮಗನಿಗೆ ಗಡಿಯಾರಕ್ಕೆ ಕೀಲಿ ಕೊಡುವುದನ್ನು ಹೇಳಿಕೊಡುತ್ತಾನೆ. ಎಷ್ಟು ಸುತ್ತು, ಎಲ್ಲಿ ನಿಲ್ಲಿಸಬೇಕು, ಬಿಗಿಯಾದದ್ದು ಬೆರಳಿಗೆ ಹೇಗೆ ಗೊತ್ತಾಗುತ್ತದೆ. ಮಾತು ಬಹಳ ಕಡಿಮೆ. ಆ ಹೊತ್ತಿಗೆ ಮಳೆಯ ಸದ್ದು ತೆಳ್ಳಗಾಗಿತ್ತು.

ಕೊಡೆಯ ಮನುಷ್ಯ ಎದ್ದ. ಮಳೆ ಕಮ್ಮಿಯಾಗುವ ತನಕ ಅಂದಿದ್ದನಲ್ಲ, ಮಾತಿಗೆ ತಪ್ಪಲಿಲ್ಲ. ಬಗ್ಗಿಕೊಂಡೇ ಪಕ್ಕದ ಬಾಗಿಲಿಗೆ ಹೋದ. ಬಾಗಿಲು ತೆರೆದ ಕೂಡಲೇ ಹೊರಗಿನ ಟ್ಯೂಬ್‌ಲೈಟಿನ ಒಂದು ಬಿಳಿ ಪಟ್ಟಿ ಒಳಗೆ ಬಿದ್ದು, ಖಾಲಿ ಕುರ್ಚಿಗಳ ಮೇಲೆ ಹಾದು, ರಂಗದ ಅಂಚನ್ನು ಹತ್ತಿ, ಅಪ್ಪನ ಪಾದದ ಹತ್ತಿರ ನಿಂತಿತು. ಯಾವ ಕ್ಯೂ ಶೀಟಿನಲ್ಲೂ ಇಲ್ಲದ ಬೆಳಕು. ನನಗೆ ಮೈ ಉರಿಯಬೇಕಿತ್ತು. ಆದರೆ ಅವನು ಹೊರಗೆ ಹೋಗಿ, ತಿರುಗಿ ನಿಂತು, ಹಿಡಿಕೆಯನ್ನು ಪೂರ್ತಿ ಒತ್ತಿ ಹಿಡಿದುಕೊಂಡೇ ಬಾಗಿಲನ್ನು ಎಳೆಯತೊಡಗಿದ. ಚಿಲಕ ಟಕ್ಕೆನ್ನಬಾರದು ಅಂತ. ಇಂಚಿಂಚು. ಬಿಳಿ ಪಟ್ಟಿ ಸಣ್ಣಗಾಗುತ್ತಾ, ದಾರದಷ್ಟಾಗಿ, ಇಲ್ಲವಾಯಿತು. ಬಾಗಿಲು ಮುಚ್ಚಿಕೊಂಡ ಸದ್ದೇ ಬರಲಿಲ್ಲ. ಕೊನೆಗೆ ಕಂಡದ್ದು ಹಿಡಿಕೆಯ ಮೇಲಿದ್ದ ಅವನ ಕೈಯ ಕಪ್ಪು ಆಕಾರ.

ನಾಟಕ ಮುಗಿಯಿತು. ನಾಲ್ಕು ಜನರ ಚಪ್ಪಾಳೆ ಚಪ್ಪಾಳೆಯ ಹಾಗೆ ಕೇಳಿಸುವುದಿಲ್ಲ, ಯಾರೋ ಕೈ ಒದರಿಕೊಂಡ ಹಾಗಿರುತ್ತದೆ. ಪ್ರತಿ ಪ್ರದರ್ಶನವೂ ಎಷ್ಟು ಹೊತ್ತಾಯಿತು ಅಂತ ಕ್ಯೂ ಶೀಟಿನ ಮೂಲೆಯಲ್ಲಿ ಬರೆದಿಡುವುದು ನನ್ನ ರೂಢಿ. ಹಿಂದಿನದಕ್ಕೆ 1 ಗಂಟೆ 34 ನಿಮಿಷ. ಅವತ್ತಿನದಕ್ಕೆ 1 ಗಂಟೆ 21. ಕೈಬಿಟ್ಟ ಮಾತಿಲ್ಲ, ಹಾರಿಸಿದ ದೃಶ್ಯವಿಲ್ಲ, ನಡುವೆ ವಿರಾಮ ಮೊದಲೇ ಇಲ್ಲ. ನಟರು ಅವಸರ ಮಾಡಿದ್ದು ಮೂರು ನಾಲ್ಕು ನಿಮಿಷ ಅಂದುಕೊಳ್ಳೋಣ. ಮಿಕ್ಕದ್ದು ನಮ್ಮದಲ್ಲವೇ ಅಲ್ಲ. ಅಷ್ಟು ದಿನ ನಾವು ಒಂದೂವರೆ ಗಂಟೆಯ ನಾಟಕ ಮಾಡುತ್ತಿದ್ದೇವೆ ಅಂದುಕೊಂಡಿದ್ದೆವು. ಅದರಲ್ಲಿ ಒಂದಿಷ್ಟನ್ನು ಕೆಳಗೆ ಕೂತವರು ಮಾಡಿಕೊಡುತ್ತಿದ್ದರು. ಕಿರಿಮಗನಿಗೆ ಗ್ರೀನ್ ರೂಮಿನಲ್ಲಿ ಕೊಡಬೇಕಿದ್ದ ಉತ್ತರ ನನ್ನ ಕೈಯಲ್ಲೇ ಇದೆ ಅನ್ನಿಸಿ, ಹಾಳೆ ಹಿಡಿದುಕೊಂಡೇ ಇಳಿದು ಹೋದೆ.

ಅಲ್ಲಿ ನನ್ನ ಉತ್ತರವನ್ನು ಕೇಳುವ ಪರಿಸ್ಥಿತಿಯಿರಲಿಲ್ಲ. ಎಲ್ಲರೂ ಮುಖಕ್ಕೆ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದರು, ಮಾತಿಲ್ಲ. ಹಿರಿಮಗಳ ಪಾತ್ರದಾಕೆಯ ತಾಯಿ ಒಳಗೆ ಬಂದರು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ.

“ಇವತ್ತು ನಂಗೆ ಎಲ್ಲ ಮಾತೂ ಕೇಳಿಸ್ತು ನೋಡಿ” ಅಂದರು ಮೇಷ್ಟ್ರಿಗೆ. “ಬೇರೆ ದಿನ ಜನ ನಗೋ ಗಲಾಟೆಲಿ ಅರ್ಧಕ್ಕರ್ಧ ಹೋಗ್ಬಿಡೋದು. ಆ ಗಡಿಯಾರದ ಜಗಳ ಆದ್ಮೇಲೆ ಇವಳೊಂದು ಮಾತು ಹೇಳ್ತಾಳಲ್ಲ, ‘ನಂಗೆ ಏನು ಬೇಕು ಅಂತ ಯಾರೂ ಕೇಳ್ಲಿಲ್ಲ’ ಅಂತ. ಅದಿದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಇದು ನಗೋ ನಾಟಕ ಅಲ್ವಲ್ಲ ಮೇಷ್ಟ್ರೇ?”

ಮೇಷ್ಟ್ರು ಹತ್ತಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಆ ಮಾತು ಇರುವುದು ನನ್ನ ನೀಲಿ ಬೆಳಕಿನ ಶುರುವಿನಲ್ಲಿ. ಅವತ್ತು ನನ್ನ ನೀಲಿ ತಡವಾಗಿ ಹಳದಿಯಲ್ಲೇ ಕಳೆದುಹೋದ ಎರಡು ಮಾತುಗಳಲ್ಲಿ ಅದೂ ಒಂದು. ಆರು ಪ್ರದರ್ಶನದಲ್ಲಿ ಅದನ್ನು ನಗು ನುಂಗಿತ್ತು, ಏಳನೆಯದರಲ್ಲಿ ನಾನು ಕೆಡಿಸಿದ್ದೆ. ಅಷ್ಟಾದರೂ ಅದು ಒಬ್ಬರನ್ನು ತಲುಪಿತ್ತು. ಮುಂದಿನ ವಾರ ಮೇಷ್ಟ್ರು ಆ ಮಾತನ್ನು ಅಲ್ಲಿಂದ ತೆಗೆದು ಎರಡು ಪುಟ ಮುಂದೆ, ನಗುವಿನ ಸುದ್ದಿಯಿಲ್ಲದ ಕಡೆ ಇಟ್ಟರು. ಪೋಸ್ಟರಿನಲ್ಲಿ ಹಾಸ್ಯ ನಾಟಕ ಅನ್ನುವುದು ಹಾಗೇ ಉಳಿಯಿತು, ಜನ ಬರಬೇಕಲ್ಲ.

ಕಿರಿಮಗನ ಪಾತ್ರದವನು ಷೂ ಹಾಕಿಕೊಳ್ಳುತ್ತಾ ಕೇಳಿದ: “ಕೀಲಿ ಸೀನಲ್ಲಿ ಯಾರೋ ಎದ್ದುಹೋದ್ರು ಅಲ್ವಾ?”

“ಹೋದ” ಅಂದರು ಅಪ್ಪನ ಪಾತ್ರದವರು. ಮೀಸೆ ತೆಗೆದು ಡಬ್ಬಿಯೊಳಗೆ ಇಡುತ್ತಿದ್ದರು. “ಬಾಗಿಲು ಎಷ್ಟು ಮೆತ್ತಗೆ ಹಾಕ್ಕೊಂಡ ನೋಡಿದ್ಯಾ? ನಾನು ಕೀಲಿ ತಿರುಗಿಸೋದನ್ನ ನಿಲ್ಲಿಸಿ ಕಾದೆ. ಸದ್ದೇ ಬರ್ಲಿಲ್ಲ.”

ಕುರ್ಚಿಯ ಮೇಲೆ ಸ್ಪಾಟ್ ಬಿದ್ದಿರುವಾಗ ಅವರಿಗೆ ಬಾಗಿಲು ಕಂಡಿರಲು ಸಾಧ್ಯವಿಲ್ಲ. ಹೆಚ್ಚೆಂದರೆ ಪಾದದ ಹತ್ತಿರದ ಬಿಳಿ ಪಟ್ಟಿ ಸಣ್ಣಗಾಗುತ್ತಾ ಹೋದದ್ದು ಕಂಡಿರಬೇಕು. ಅಷ್ಟರಿಂದಲೇ ಅವರು ಆ ಕೈಯನ್ನು ನೋಡಿದ್ದರು.

ಫೈಲಿಗೆ ಹಾಕುವ ಮುನ್ನ ಆ ಹಾಳೆಯ ಹಿಂಬದಿಯಲ್ಲಿ, ನೆರಳು ತುಂಬಿದ ಉಗುರುಗಳ ಪಕ್ಕದಲ್ಲಿ, ಬಾಗಿಲ ಹಿಡಿಕೆಯ ಕೈ ಬರೆಯಲು ಕೂತೆ. ಬರಲಿಲ್ಲ. ಹಿಡಿಕೆಯನ್ನು ಪೂರ್ತಿ ಒತ್ತಿ ಹಿಡಿದಾಗ ಹೆಬ್ಬೆರಳು ಮೇಲಿರುತ್ತದೋ ಪಕ್ಕಕ್ಕಿರುತ್ತದೋ ಗೊತ್ತಾಗಲಿಲ್ಲ. ಎದ್ದು ಹೋಗಿ ಮನೆಯ ಬಾಗಿಲನ್ನೇ ಸದ್ದಾಗದಂತೆ ಹಾಕಿ ನೋಡಿದೆ. ಬಲಗೈಯಲ್ಲಿ ಬಾಗಿಲು ಹಿಡಿದರೆ ಬರೆಯಲಾಗುವುದಿಲ್ಲ. ಆಮೇಲೆ ಒಂದು ದಿನ ಸೌಂಡಿನ ಹುಡುಗನನ್ನು ಬೂತಿನ ಬಾಗಿಲ ಹತ್ತಿರ ನಿಲ್ಲಿಸಿದೆ. ಅವನು ಐದು ನಿಮಿಷ ಹಿಡಿಕೆ ಒತ್ತಿ ನಿಂತು, “ಬಂತಾ?” ಅಂದ.

“ಇನ್ನೂ ಇಲ್ಲ, ಇನ್ನೊಂದ್ಸಲ ಹಾಕು” ಅಂದೆ.